‘ಕೈಗೆ ಗೊತ್ತಾಗ್ತದೆ ಬುಡಪ್ಪ’

ತಾವರೆಕೆರೆ ಅಂದ ಕೂಡಲೇ ಕ್ಲಾಸಲ್ಲಿ ‘ಮಾಗಡಿ ರೋಡಿಂದಾ?’ ಅಂತಾರೆ. ಅಲ್ಲ ಸ್ವಾಮಿ, ಶಿರಾ ತಾಲ್ಲೂಕಿನದು. ಶಿರಾ ದಾಟಿ ಹಿರಿಯೂರಿನ ಕಡೆ ಹೋಗುವಾಗ ಹೈವೇಯಲ್ಲೇ ಸಿಗುತ್ತೆ. ಕಳೆದ ರಜೆಯಲ್ಲಿ ನಾವು ಮೂವರು ಅಲ್ಲಿ ಕಡ್ಲೆಕಾಯಿ ಹೊಲದ ಕಾವಲಿಗೆ ಹೋಗಿದ್ದೆವು. ಕಾಡುಹಂದಿ ನುಗ್ಗಿದರೆ ಒಂದೇ ರಾತ್ರಿಗೆ ಸಾಲುಸಾಲು ಗಿಡ ಬುಡಮೇಲು.

ಗೆಳೆಯನ ತಾತನ ಹತ್ತಿರ ಬೆಳೆ ರಕ್ಷಣೆಗೆ ಲೈಸೆನ್ಸ್ ಪಡೆದ ಹಳೇ ಬಂದೂಕಿದೆ. ನಳಿಗೆಯ ಬಾಯಿಂದ ಮದ್ದು ತುಂಬುವಂಥದ್ದು. ಎಲೆಕ್ಷನ್ ಬಂದಾಗ ಸ್ಟೇಷನ್ನಿಗೆ ಒಪ್ಪಿಸಿ, ಮುಗಿದ ಮೇಲೆ ವಾಪಸ್ ತರ್ತಾರೆ. ಅವತ್ತು ಸದ್ದು ಮಾಡಿ ಹಂದಿ ಓಡಿಸೋಕೆ ಅಂತ ತಾತ ಅಂಗೈಗೆ ಮದ್ದು ಸುರಿದುಕೊಂಡರು, ನಳಿಗೆಗೆ ಬಿಟ್ಟರು, ತೆಂಗಿನ ನಾರು ತುರುಕಿ ಗಿಡಿದರು. ‘ಅಳತೆ ಎಷ್ಟು ತಾತ?’ ಅಂದೆವು. ‘ಕೈಗೆ ಗೊತ್ತಾಗ್ತದೆ ಬುಡಪ್ಪ’ ಅಂದರು.

ಅವತ್ತು ಏನೂ ಆಗಲಿಲ್ಲ. ಆದರೆ ಆ ಕೈಯಲ್ಲಿ ಹೆಬ್ಬೆರಳು ಅರ್ಧವೇ ಇತ್ತು. ಯಾವ ಕಾಲದಲ್ಲೋ ಮನೆಯ ಮದ್ದು ಮುಗಿದಿತ್ತಂತೆ. ಯಾರೋ ಕೊಟ್ಟದ್ದನ್ನು ಅದೇ ಅಳತೆಯಲ್ಲಿ ತುಂಬಿದ್ದರು. ನಳಿಗೆ ಸೀಳಿತು.

ಹಾಸ್ಟೆಲಿಗೆ ಬಂದ ಮೇಲೆ ಇದರ ಬಗ್ಗೆ ಓದಿದೆವು. ಅಮೆರಿಕದಲ್ಲಿ ಎಷ್ಟೋ ಜನ ರೈಫಲ್ ತೋಟಾಗಳನ್ನು ಮನೆಯಲ್ಲೇ ತುಂಬಿಕೊಳ್ತಾರೆ. ತೋಟಾದಲ್ಲಿ ಇರೋದು ನಾಲ್ಕೇ ಭಾಗ: ಹಿತ್ತಾಳೆಯ ಚಿಪ್ಪು, ಕಿಡಿ ಕೊಡುವ ಪ್ರೈಮರ್, ಮದ್ದು, ಗುಂಡು. ಒಮ್ಮೆ ಹಾರಿಸಿದ ಚಿಪ್ಪನ್ನೇ ಮತ್ತೆ ಬಳಸ್ತಾರೆ. ಅಂಗಡಿಯಲ್ಲಿ ಮಾಲು ಸಿಗದಿದ್ದಾಗ ಅವರಿಗೂ ಬರೋದು ನಮ್ಮದೇ ಪ್ರಶ್ನೆ: ‘ಇರೋದ್ರಲ್ಲೇ ಹೊಂದಿಸ್ಕೋಬಹುದಾ?’

ಉತ್ತರ ಸುಲಭ ಇಲ್ಲ. ಒಂದೊಂದು ಮದ್ದು ಉರಿಯುವ ವೇಗ ಒಂದೊಂದು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಹೊಗೆರಹಿತ ಮದ್ದು ತಯಾರಿಸಿದ. ಹಳೇ ಕರಿಮದ್ದಿಗಿಂತ ಅದಕ್ಕೆ ಶಕ್ತಿ ಎಷ್ಟೋ ಹೆಚ್ಚು. ಕರಿಮದ್ದಿನ ಬಂದೂಕಿಗೆ ಅದನ್ನು ಹಾಕಿದರೆ ನಳಿಗೆ ಒಡೆಯುತ್ತೆ. ಪಾಯಿಂಟ್ 308 ವಿಂಚೆಸ್ಟರ್ ತೋಟಾಗೆ ಅಮೆರಿಕದ ಮಾನದಂಡ ಒಪ್ಪುವ ಗರಿಷ್ಠ ಒತ್ತಡ 62,000 ಪಿಎಸ್‌ಐ. ನಮ್ಮ ಕಾರಿನ ಟೈರಿನಲ್ಲಿರೋದು ಮೂವತ್ತು ಚಿಲ್ಲರೆ! ಅವರು ಮದ್ದು ತೂಗೋದು ‘ಗ್ರೇನ್’ ಲೆಕ್ಕದಲ್ಲಿ. ಒಂದು ಗ್ರೇನ್ ಅಂದರೆ ಸುಮಾರು 65 ಮಿಲಿಗ್ರಾಂ, ಹೆಚ್ಚುಕಡಿಮೆ ಅರ್ಧ ಗುಲಗಂಜಿ ತೂಕ. ಅದನ್ನೂ ಹತ್ತು ಪಾಲು ಮಾಡಿ ಅಳೀತಾರೆ. ಗುಂಡು, ಪ್ರೈಮರ್, ಚಿಪ್ಪು ಯಾವುದೇ ಒಂದು ಬದಲಾದರೂ ಮತ್ತೆ ಕಡಿಮೆಯಿಂದಲೇ ಶುರು. ಲೇಬಲ್ ಅಳಿಸಿಹೋದ ಡಬ್ಬಿಯ ಮದ್ದನ್ನಂತೂ ಮುಟ್ಟೋದೇ ಇಲ್ಲ.

ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸೋದು ಅಪರಾಧ. ಹಾಗಾಗಿ ನಾವು ಯಾರಿಗೂ ತೋಟಾ ತುಂಬೋಕೆ ಹೇಳ್ತಿಲ್ಲ. ಹೇಳ್ತಿರೋದು ಆ ಶಿಸ್ತಿನ ಬಗ್ಗೆ.

ಯಾಕಂದ್ರೆ ನಮ್ಮ ಕ್ಯಾಂಪಸ್ಸಿನಲ್ಲಿ ‘ಇರೋದ್ರಲ್ಲೇ ಅಡ್ಜಸ್ಟ್ ಮಾಡೋನೇ ಎಂಜಿನಿಯರ್’ ಅನ್ನೋ ಮಾತಿಗೆ ಚಪ್ಪಾಳೆ ಬೀಳುತ್ತೆ. ಟೇಬಲ್ಲಿನ ಕಾಲಿಗೆ ಇಟ್ಟಿಗೆ ಕೊಡೋದಾದ್ರೆ ನಾವೂ ತಟ್ತೀವಿ. ಆದರೆ ಹಳೇ ಲ್ಯಾಪ್‌ಟಾಪಿನಿಂದ ಕಿತ್ತ ಲಿಥಿಯಂ ಸೆಲ್ಲುಗಳನ್ನು ಒಂದಕ್ಕೊಂದು ತಾಳೆಯಾಗದಿದ್ದರೂ ಒಂದೇ ಪ್ಯಾಕಿಗೆ ಸೇರಿಸೋದು, ಫ್ಯೂಸ್ ಹೋದ ಜಾಗಕ್ಕೆ ಸಿಕ್ಕಿದ ತಂತಿ ಸುತ್ತೋದು, ಇವೆಲ್ಲ ತಾತನ ಅಂಗೈ ಅಳತೆಯೇ. ಒಳಗೆ ಶಕ್ತಿ ಅವಿತು ಕೂತಿರುವ ವಸ್ತು ನಮ್ಮ ಅಂದಾಜಿಗೆ ಬೆಲೆ ಕೊಡೋದಿಲ್ಲ. ನೂರು ಸಲ ಸುಮ್ಮನಿದ್ದು ನೂರೊಂದನೇ ಸಲ ಬೆರಳು ಕೇಳುತ್ತೆ.

ಕೈಲಿರೋದನ್ನ ಬಳಸೋದು ತಪ್ಪಲ್ಲ. ತೋಟಾ ತುಂಬುವವನೂ ಹಳೇ ಚಿಪ್ಪನ್ನೇ ಬಳಸ್ತಾನೆ, ಆದರೆ ಪ್ರತಿಸಲ ಬಿರುಕು ಇದೆಯಾ ಅಂತ ನೋಡ್ತಾನೆ. ಕೈಲಿರೋದು ಏನು ಅಂತ ತಿಳೀದೆ ಬಳಸೋದೇ ತಪ್ಪು. ಲ್ಯಾಬಿನ ಡಬ್ಬಿಗೆ ಲೇಬಲ್ ಹಚ್ಚಿ, ಸೆಲ್ಲಿನ ವೋಲ್ಟೇಜ್ ಅಳೆದು ಬರೆದಿಡಿ, ಗೊತ್ತಿಲ್ಲದ್ದನ್ನ ಪಕ್ಕಕ್ಕಿಡಿ. ಇಷ್ಟಕ್ಕೆ ಖರ್ಚೇನೂ ಇಲ್ಲ.

ಇನ್ನು ತಾತನ ವಿಷಯ. ‘ಬಂದೂಕು ಬಿಡಿ’ ಅಂತ ಉಪದೇಶ ಮಾಡೋ ಯೋಗ್ಯತೆ ನಮಗಿಲ್ಲ. ಹಂದಿ ನುಗ್ಗೋದು ಅವರ ಹೊಲಕ್ಕೆ, ನಮ್ಮ ಹಾಸ್ಟೆಲಿಗಲ್ಲ. ಅವರಿಗೆ ಬೇಕಾಗಿರೋದು ರಾತ್ರಿ ಹೊತ್ತು ಒಂದು ದೊಡ್ಡ ಸದ್ದು, ಅಷ್ಟೇ. ಹಂದಿ ಹತ್ತಿರ ಬಂದರೆ ತಾನೇ ಕೂಗಿ ಬೆಳಕು ಹಾಕುವ, ಸೋಲಾರಿನಲ್ಲಿ ನಡೆಯುವ ಒಂದು ಪೆಟ್ಟಿಗೆ ಮಾಡೋಕೆ ನಮ್ಮಿಂದ ಆಗಲ್ವಾ? ವರ್ಷವರ್ಷ ಅದೇ ಅಟೆಂಡೆನ್ಸ್ ಸಿಸ್ಟಮ್ ಪ್ರಾಜೆಕ್ಟ್ ಮಾಡೋ ಬದಲು ಈ ಸಲ ಇದನ್ನ ಹಿಡಿಯೋಣ ಅಂತ ನಾವು ಮೂವರು ತೀರ್ಮಾನಿಸಿದ್ದೇವೆ. ಮುಂದಿನ ಕಡ್ಲೆಕಾಯಿ ಸುಗ್ಗಿಗೆ ಮುಂಚೆ ತಾವರೆಕೆರೆಗೆ ತಗೊಂಡು ಹೋಗಬೇಕು. ಸೇರೋರು ಬನ್ನಿ.