ಸಿಂಗಲ್ ಫೇಸ್ ಹುಡುಗನ ಒಂದು ವಾರ

‘ಏನಪಾ, ಇನ್ನೂ ಸಿಂಗಲ್ಲೇನು?’

ದಸರೆ ರಜೆ ಮುಗಿಸಿ ಕಾಲೇಜಿಗೆ ಹೋದ ಮೊದಲ ದಿನವೇ ಗೆಳೆಯ ಕೇಳಿದ. ‘ಹೌದು, ಸಿಂಗಲ್ ಫೇಸ್’ ಅಂದೆ. ನಾನು ಎಲೆಕ್ಟ್ರಿಕಲ್ ಬಿ.ಇ. ಐದನೇ ಸೆಮಿಸ್ಟರ್. ತಮಾಷೆಗೆ ಆಡಿದ ಮಾತು ಮಧ್ಯಾಹ್ನದ ಹೊತ್ತಿಗೆ ನನ್ನ ಅಡ್ಡಹೆಸರೇ ಆಗಿಹೋಯಿತು.

ನಮ್ಮ ವಯಸ್ಸಿನಲ್ಲಿ ಸಿಂಗಲ್ ಅಂದರೆ ಖಾಲಿ ಬಿದ್ದಿರುವ ಒಂದು ಹುದ್ದೆ ಇದ್ದಂತೆ. ರೀಲ್ಸ್ ಮಾಡುವವರು ಅದಕ್ಕೊಂದು ಅಳುವ ಹಾಡು ಹಾಕುತ್ತಾರೆ. ನೆಂಟರು ಅರ್ಜಿ ಕರೆಯಲು ತಯಾರಾಗಿ ನಿಂತಿರುತ್ತಾರೆ. ನಾನೂ ಒಮ್ಮೊಮ್ಮೆ ರಾತ್ರಿ ಮೊಬೈಲ್ ನೋಡುತ್ತಾ ‘ಅಯ್ಯೋ ಪಾಪ ನಾನು’ ಅಂದುಕೊಂಡದ್ದುಂಟು. ಆದರೆ ಕಳೆದ ವಾರ ಬೇರೆಯದೇ ಒಂದು ಪಾಠ ಹೇಳಿತು. ಅದನ್ನು ದಿನದ ಲೆಕ್ಕದಲ್ಲಿ ಹೇಳುತ್ತೇನೆ, ಕೇಳಿ.

ಸೋಮವಾರ ಬೆಳಿಗ್ಗೆ ಮಂಠಾಳದಿಂದ ಬಸವಕಲ್ಯಾಣದ ಬಸ್ಸು. ಮಳೆಗಾಲ ಮುಗಿದು ಬೆಳಗಿನ ಗಾಳಿಗೆ ಸಣ್ಣ ಚಳಿ ಬಂದಿದೆ. ದಾರಿಯ ಎರಡೂ ಕಡೆ ಸೋಯಾ ಕೊಯ್ದ ಹೊಲಗಳು, ಅವುಗಳ ನಡುವೆ ಹಸಿರಾಗಿ ನಿಂತ ತೊಗರಿ ಸಾಲುಗಳು. ಬಸ್ಸಿನೊಳಗೆ ಮಾತ್ರ ಸೂಜಿ ಬೀಳಲೂ ಜಾಗವಿಲ್ಲ. ಒಂದು ಸೀಟಿನಲ್ಲಿ ಕನ್ನಡ, ಅದರ ಹಿಂದೆ ಮರಾಠಿ, ಬಾಗಿಲ ಹತ್ತಿರ ಉರ್ದು. ಕಂಡಕ್ಟರ್ ಮೂರರಲ್ಲೂ ಬೈಯಬಲ್ಲರು.

ನಾನು ಕಂಬ ಹಿಡಿದು ನಿಂತಿದ್ದೆ. ಕಿಟಕಿ ಪಕ್ಕದ ಆಯಿ ನನ್ನನ್ನೇ ನೋಡುತ್ತಿದ್ದವರು ಕರೆದರು. ‘ತಮ್ಮಾ, ನಾ ರೊಕ್ಕ ಇಲ್ಲದ ಕುಂತೀನಿ, ನೀ ರೊಕ್ಕ ಕೊಟ್ಟು ಪಾಸ್ ತಗೊಂಡು ನಿಂತೀದಿ. ನನಗ ಸರಿ ಕಾಣವಲ್ದು. ಬಾ, ಅರ್ಧ ಸೀಟ್ ತಗೋ.’ 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಅದರ ಬಗ್ಗೆ ಎಷ್ಟೋ ಚರ್ಚೆ ಕೇಳಿದ್ದೇನೆ. ಇಷ್ಟು ಸುಲಭವಾಗಿ ಪರಿಹಾರ ಹೇಳಿದವರು ಇವರೊಬ್ಬರೇ.

ಅರ್ಧ ಸೀಟಿಗೆ ಬಾಡಿಗೆ ಇದ್ದೇ ಇತ್ತು. ‘ಲಗ್ನ ಆಗ್ಯಾದೇನು?’

‘ಇಲ್ಲ ಆಯಿ, ನನಗಿನ್ನೂ ಇಪ್ಪತ್ತು. ಗಂಡಸಿಗೆ ಇಪ್ಪತ್ತೊಂದು ಆಗಬೇಕಂತ ಕಾಯ್ದೆನೇ ಅದ.’

‘ಹಂಗಾದ್ರ ಮುಂದಿನ ದಸರಾಕ್ಕ ಕೇಳ್ತೀನಿ ಬಿಡು’ ಅಂದವರೇ ಸೆರಗಿನ ಗಂಟಿನಿಂದ ಎರಡು ಬನ್ನಿ ಎಲೆ ತೆಗೆದು ಕೈಗಿಟ್ಟರು. ದಸರೆ ಮುಗಿದು ದಿನಗಳಾಗಿದ್ದವು, ಎಲೆ ಒಣಗಿದ್ದವು. ‘ಬಂಗಾರಕ್ಕ ತಾರೀಕು ಇರ್ತದೇನು?’ ಅಂದರು. ಎಲೆಗಳು ಈಗ ನನ್ನ ಕ್ಯಾಲ್ಕುಲೇಟರ್ ಕವರಿನೊಳಗಿವೆ.

ಮಂಗಳವಾರ ಕ್ಯಾಂಟೀನಿನಲ್ಲಿ ನಮ್ಮ ಸಿಂಗಲ್ ಸಂಘದ ಸಭೆ. ನಾಲ್ಕು ಜನ, ಎರಡು ಚಹಾ, ಒಂದು ಪ್ಲೇಟ್ ಸುಸಲಾ, ಅದರ ಮೇಲೆ ಎರಡು ಮಿರ್ಚಿ ಭಜಿ. ಜೋಡಿಯಾಗಿ ಓಡಾಡುವವರಿಗೆ ತಿಂಗಳಿಗೆ ಎಷ್ಟು ಖರ್ಚು ಎಂದು ಒಬ್ಬ ಲೆಕ್ಕ ಹಾಕಿದ. ಇನ್ನೊಬ್ಬ ನಿಕೋಲಾ ಟೆಸ್ಲಾನ ಹೆಸರು ತಂದ. ಎ.ಸಿ. ಮೋಟಾರಿಗೆ 1888ರಲ್ಲಿ ಪೇಟೆಂಟ್ ಪಡೆದ ಆ ಮಹಾಶಯ 1943ರಲ್ಲಿ ಸಾಯುವವರೆಗೂ ಮದುವೆಯಾಗಲಿಲ್ಲ. ‘ನೋಡ್ರೋ, ಸಿಂಗಲ್ ಇದ್ದವರೇ ಜಗತ್ತು ತಿರುಗಿಸ್ತಾರ’ ಎಂದು ಆತ ಭಾಷಣ ಬಿಗಿದ. ಮೂರನೆಯವನು ತಣ್ಣಗೆ, ‘ಟೆಸ್ಲಾಗ ಬ್ಯಾಕ್‌ಲಾಗ್ ಎಷ್ಟಿದ್ದವು?’ ಅಂದ. ಸಭೆ ಅಲ್ಲಿಗೇ ಬರ್ಖಾಸ್ತಾಯಿತು. ಶೇ 85 ಹಾಜರಾತಿ ನೆನಪಾಗಿ ಎಲ್ಲರೂ ಕ್ಲಾಸಿಗೆ ಓಡಿದೆವು.

ಬುಧವಾರ ಸಂಜೆ ಪಕ್ಕದ ಮನೆಯ ಖಾಲಾ ಗೋಡೆ ಆಚೆಯಿಂದ ಕೂಗಿದರು. ‘ಬೇಟಾ, ಫ್ಯಾನ್ ನಿಂತದ. ನೀ ಇಂಜಿನಿಯರ್ ಇದ್ದೀಯಲ್ಲ, ಜರಾ ನೋಡು ಬಾ.’ ಅಕ್ಟೋಬರಿನಲ್ಲಿ ನಮ್ಮ ಕಡೆ ಬೆಳಿಗ್ಗೆ ಚಳಿ, ಮಧ್ಯಾಹ್ನ ಸುಡುಬಿಸಿಲು. ಫ್ಯಾನ್ ಬೇಕೇ ಬೇಕು.

ಹೋಗಿ ಸ್ವಿಚ್ ಹಾಕಿದರೆ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ಸ್ಟೂಲ್ ಹತ್ತಿ ಕೋಲಿನಿಂದ ರೆಕ್ಕೆಯನ್ನು ಮೆಲ್ಲಗೆ ತಳ್ಳಿದೆ, ತಿರುಗತೊಡಗಿತು. ನಿಲ್ಲಿಸಿ ಆ ಕಡೆ ತಳ್ಳಿದರೆ ಆ ಕಡೆಗೂ ತಿರುಗಿತು. ಕಳೆದ ಸೆಮಿಸ್ಟರಿನಲ್ಲಿ ಓದಿದ್ದು ಕಣ್ಣೆದುರಿಗೇ ಇತ್ತು. ಸಿಂಗಲ್ ಫೇಸ್ ಮೋಟಾರಿಗೆ ಶಕ್ತಿ ಇರುತ್ತದೆ, ಆದರೆ ತಾನಾಗಿ ಹೊರಡಲು ಬರುವುದಿಲ್ಲ. ಅದರ ಕಾಂತಕ್ಷೇತ್ರ ಸುತ್ತುವುದಿಲ್ಲ, ಇದ್ದಲ್ಲೇ ಹಿಂದೆ ಮುಂದೆ ಜಗ್ಗಾಡುತ್ತದೆ. ಅದನ್ನು ಒಂದು ದಿಕ್ಕಿಗೆ ಹೊರಡಿಸುವುದು ಪಕ್ಕದ ಸುರುಳಿಗೆ ಜೋಡಿಸಿದ ಕೆಪಾಸಿಟರ್. ಅದು ಸತ್ತರೆ ಮೋಟಾರು ಗುಂಯ್ ಅನ್ನುತ್ತಾ ಬಿಸಿಯಾಗುತ್ತದೆ, ಅಷ್ಟೆ.

ಅಂಗಡಿಯಿಂದ 2.5 ಮೈಕ್ರೋಫ್ಯಾರಡ್‌ನ ಹೊಸ ಕೆಪಾಸಿಟರ್ ತಂದು, ಮೇನ್ ಸ್ವಿಚ್ ಆರಿಸಿ, ಗಂಭೀರವಾಗಿ ಜೋಡಿಸಿದೆ. ಫ್ಯಾನ್ ಭರ್‍ರೆಂದು ತಿರುಗಿತು. ನಾನು ಕೈ ಕೊಡವಿ ಕೆಳಗಿಳಿದೆ. ಖಾಲಾನ ಮೊಮ್ಮಗಳು ಕೆಳಗೆ ಮಲಗಿ ನೋಡುತ್ತಾ, ‘ಅಣ್ಣಾ, ಗಾಳಿ ಮ್ಯಾಲ ಹೊಂಟದ. ಮಾಳಿಗಿಗಿ ಸೆಕಿ ಆಗ್ಯಾದೇನು?’ ಅಂದಳು. ವೈರ್ ಅದಲುಬದಲಾಗಿ ಫ್ಯಾನ್ ಉಲ್ಟಾ ತಿರುಗುತ್ತಿತ್ತು! ಸರಿಪಡಿಸಿ ಚಹಾ, ಖಾರಿ ತಿಂದು ಬಂದೆ. ಊರಿಗೆಲ್ಲ ಸುದ್ದಿ ಮುಟ್ಟಿಸಿದ್ದು ಮಾತ್ರ ಆ ಉಲ್ಟಾ ಫ್ಯಾನಿನದು.

ಗುರುವಾರ ರಾತ್ರಿ. ಮರುದಿನ ಬೆಳಿಗ್ಗೆ ಇಂಟರ್ನಲ್ಸ್. ನಾನು ಪುಸ್ತಕ ಹಿಡಿದು ಕುಳಿತಿದ್ದೆ. ಹೊಲಕ್ಕೆ ತ್ರೀ ಫೇಸ್ ಕರೆಂಟು ದಿನಕ್ಕೆ ಏಳು ತಾಸು, ಅದೂ ಪಾಳಿಯ ಪ್ರಕಾರ. ಆ ವಾರ ನಮ್ಮದು ರಾತ್ರಿ ಪಾಳಿ. ಹೊಸದಾಗಿ ಹಚ್ಚಿದ ಕಬ್ಬಿಗೆ ನೀರು ಬಿಡಬೇಕು. ಅಪ್ಪ ಬ್ಯಾಟರಿ, ಬಡಿಗೆ ತೆಗೆದುಕೊಂಡು ಹೊರಟ. ಯಾವಾಗಲೂ ಹೋಗುತ್ತಾನೆ, ನಾನು ಯಾವಾಗಲೂ ಮಲಗಿರುತ್ತೇನೆ. ಆವತ್ತು ಎಚ್ಚರವಿದ್ದೆನಲ್ಲ, ಅವನು ಚಪ್ಪಲಿ ಮೆಟ್ಟುವ ಸಪ್ಪಳ ಕೇಳಿ ಯಾಕೋ ಕೂಡಲು ಆಗಲಿಲ್ಲ. ‘ನಾನೂ ಬರ್ತೀನಿ’ ಅಂದೆ. ‘ನಾಳಿ ಪರೀಕ್ಷಾ ಅದ ಅಲ್ಲೇನು?’ ‘ಓದಾದು ಮುಗದದ’ ಎಂದು ಸುಳ್ಳು ಹೇಳಿದೆ.

ಬಾವಿ ಹತ್ತಿರ ಹೋದೆವು. ಸ್ಟಾರ್ಟರ್ ಡಬ್ಬಿ ತೆಗೆದು ಹಸಿರು ಗುಂಡಿ ಒತ್ತಿದ್ದು ನಾನೇ. ಮೋಟಾರು ಗುಂಯ್ ಅಂದಿತು. ಎತ್ತಿಕೊಳ್ಳಬಹುದು ಎಂದು ಕಾಯುತ್ತಾ ನಿಂತೆ. ಅಪ್ಪ ನನ್ನನ್ನು ಬದಿಗೆ ನೂಕಿ ಕೆಂಪು ಗುಂಡಿ ಒತ್ತಿದ. ‘ಕೇಳಸ್ಲಿಲ್ಲೇನು? ಒಂದು ಫೇಸ್ ಬಂದಿಲ್ಲ. ಇನ್ನ ಜರಾ ಬಿಟ್ಟಿದ್ರ ಮೋಟಾರ್ ಸುಟ್ಟು ಹೋಗ್ತಿತ್ತು.’

ಹಿಂದಿನ ಸಂಜೆಯಷ್ಟೇ ಅದೇ ಗುಂಯ್ ಕೇಳಿದ್ದೆ. ಮೂರು ಫೇಸಿನಲ್ಲಿ ಒಂದು ತಪ್ಪಿದರೆ ಮೋಟಾರು ಹೊರಡುವುದಿಲ್ಲ, ಉಳಿದೆರಡು ತಂತಿಗಳಲ್ಲಿ ಕರೆಂಟು ಮಿತಿ ಮೀರಿ ವೈಂಡಿಂಗ್ ಸುಡುತ್ತದೆ. ಇದಕ್ಕೆ ಸಿಂಗಲ್ ಫೇಸಿಂಗ್ ಅನ್ನುತ್ತಾರೆ. ಚಿತ್ರ ಸಮೇತ ಬರೆದು ಅಂಕ ತೆಗೆದುಕೊಂಡವನು ನಾನು. ಕಿವಿಯಿಂದ ಕೇಳಿ ಗುರುತಿಸಿದವನು ಏಳನೇ ಇಯತ್ತೆಗೆ ಸಾಲಿ ಬಿಟ್ಟ ಅಪ್ಪ.

‘ಇದನ್ನ ತಡಿಯಾಕ ಪ್ರಿವೆಂಟರ್ ಇರ್ಬೇಕಲ್ಲ?’ ಅಂದೆ. ಡಬ್ಬಿಯೊಳಗೆ ಇತ್ತು. ಪದೇ ಪದೇ ಟ್ರಿಪ್ ಆಗುತ್ತದೆ ಅಂತ ಯಾವಾಗಲೋ ವೈರ್ ಸುತ್ತಿ ಬೈಪಾಸ್ ಮಾಡಿಟ್ಟಿದ್ದರು. ಅಂದರೆ ಇಷ್ಟು ವರ್ಷ ಆ ಮೋಟಾರಿಗೆ ಕಾವಲಿದ್ದದ್ದು ಅಪ್ಪನ ಕಿವಿ ಒಂದೇ.

ಆ ರಾತ್ರಿ ನೀರು ಬಿಡಲಾಗಲಿಲ್ಲ. ಕಟ್ಟೆ ಮೇಲೆ ಸ್ವಲ್ಪ ಹೊತ್ತು ಕುಳಿತೆವು. ‘ಒಬ್ಬನೇ ಬರ್ತಿ, ಅಂಜಿಕಿ ಆಗಲ್ಲೇನು?’ ಕೇಳಿದೆ. ‘ಹಾವಿನ ಅಂಜಿಕಿ ಅದ. ಒಬ್ಬನೇ ಇರಾದು ರೂಢಿ ಆಗ್ಯಾದ’ ಅಂದ. ‘ಸಿಂಗಲ್’ ಎಂದು ರೀಲ್ಸ್ ಹಾಡು ಕೇಳುತ್ತಾ ಮರುಗುತ್ತಿದ್ದ ನನಗೆ ಏನೂ ಮಾತು ಹೊಳೆಯಲಿಲ್ಲ.

ಶುಕ್ರವಾರ ಪರೀಕ್ಷೆ. ಮೋಟಾರಿನ ಬಗ್ಗೆ ಪ್ರಶ್ನೆಯೇ ಬರಲಿಲ್ಲ. ಅದು ಹೋದ ಸೆಮಿಸ್ಟರಿನ ವಿಷಯ, ಜೀವನವೇನು ಸಿನಿಮಾ ಅಲ್ಲವಲ್ಲ. ಓದದೆ ಬಿಟ್ಟ ಪಾಠದಿಂದಲೇ ಎರಡು ಪ್ರಶ್ನೆ ಬಂದಿದ್ದವು. ಕೊನೆಯ ಹತ್ತು ನಿಮಿಷ ಕಣ್ಣು ಮುಚ್ಚಿಕೊಂಡು ಯೋಚಿಸುತ್ತಿದ್ದೆ ಅಂತ ನಾನು, ಗೊರಕೆ ಹೊಡೆಯುತ್ತಿದ್ದೆ ಅಂತ ಪಕ್ಕದವನು. ನಮ್ಮಿಬ್ಬರ ನಡುವೆ ಈ ವಿವಾದ ಇನ್ನೂ ಮುಗಿದಿಲ್ಲ.

ಶನಿವಾರ ಸೀನಿಯರ್ ಒಬ್ಬರಿಗೆ ಪುಣೆಯಲ್ಲಿ ಕೆಲಸ ಸಿಕ್ಕು ಹೊರಟಿದ್ದರು. ಬೀಳ್ಕೊಡಲು ಸಸ್ತಾಪುರ ಬಂಗ್ಲಾಕ್ಕೆ ಹೋದೆವು. ರಾಷ್ಟ್ರೀಯ ಹೆದ್ದಾರಿ 65 ಇಲ್ಲೇ ಹಾಯುತ್ತದೆ. ಒಂದು ಕಡೆ ಸೊಲ್ಲಾಪುರ, ಪುಣೆ. ಇನ್ನೊಂದು ಕಡೆ ಹುಮನಾಬಾದ್ ದಾಟಿ ಹೈದರಾಬಾದ್. ನಮ್ಮ ಕಡೆಯ ಹುಡುಗರ ಭವಿಷ್ಯ ಈ ರಸ್ತೆಯ ಯಾವ ಬದಿಗೆ ನಿಂತಿದ್ದಾರೆ ಎಂಬುದರ ಮೇಲೆ ತಿಳಿಯುತ್ತದೆ ಎಂದು ನಾವು ನಗುತ್ತೇವೆ. ಸಾವಿರ ವರ್ಷದ ಹತ್ತಿರ ಹಿಂದೆ ಕಾಶ್ಮೀರದ ಕವಿ ಬಿಲ್ಹಣ ಆಶ್ರಯ ಹುಡುಕುತ್ತಾ ಬಂದು ಇದೇ ಕಲ್ಯಾಣದಲ್ಲಿ ಆರನೇ ವಿಕ್ರಮಾದಿತ್ಯನ ಆಸ್ಥಾನ ಸೇರಿದ್ದ. ಈಗ ಬ್ಯಾಗು ಹೊತ್ತು ಹೋಗುವ ಸರದಿ ನಮ್ಮದು.

ಬಸ್ಸು ಹತ್ತುವಾಗ ಸೀನಿಯರ್ ಎಲ್ಲರಿಗೂ ‘ಫೋನ್ ಹಚ್ತೀನಿ’ ಅಂದರು. ಎಲ್ಲರೂ ಹಾಗೇ ಅನ್ನುತ್ತಾರೆ. ಆಗ ಮೋಟಾರಿನ ಪಾಠದ ಇನ್ನೊಂದು ಮಾತು ನೆನಪಾಯಿತು. ಕೆಲವು ಸಿಂಗಲ್ ಫೇಸ್ ಮೋಟಾರುಗಳಲ್ಲಿ ಸೆಂಟ್ರಿಫ್ಯೂಗಲ್ ಸ್ವಿಚ್ ಅಂತ ಇರುತ್ತದೆ. ಮೋಟಾರು ಮುಕ್ಕಾಲು ಭಾಗ ವೇಗ ಪಡೆಯುತ್ತಲೇ ಅದು ತೆರೆದುಕೊಂಡು, ಹೊರಡಿಸಿದ ಕೆಪಾಸಿಟರನ್ನೇ ಕಿತ್ತುಹಾಕುತ್ತದೆ. ಆಮೇಲೆ ಮೋಟಾರು ಒಂಟಿಯಾಗಿ, ಭಾರೀ ವೇಗದಲ್ಲಿ, ಚೆನ್ನಾಗಿಯೇ ಓಡುತ್ತದೆ. ಖಾಲಾನ ಮನೆ ಫ್ಯಾನ್ ಹಾಗಲ್ಲ. ಅದರ ಕೆಪಾಸಿಟರ್ ತಿರುಗುವಷ್ಟು ಹೊತ್ತೂ ಜೊತೆಗಿರುತ್ತದೆ. ಸದ್ದು ಕಡಿಮೆ, ಓಟ ನಯ.

ಪಿಯುಸಿ ಆದ ಮೇಲೆ ಏನು ಮಾಡಬೇಕೆಂದು ಗೊತ್ತಾಗದೆ ನಾನೂ ಗುಂಯ್ ಅನ್ನುತ್ತಾ ನಿಂತಿದ್ದೆ. ಸಿಇಟಿ ಅರ್ಜಿ ತುಂಬಿಸಿದ್ದು ಅಕ್ಕ, ಫೀಜಿಗೆ ಸೋಯಾ ಮಾರಿದ್ದು ಅಪ್ಪ, ನಸುಕಿನಲ್ಲೆದ್ದು ಡಬ್ಬಿಗೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟುವುದು ಅವ್ವ. ಹೊರಟ ಮೇಲೆ ವೇಗ ನನ್ನದೇ ಅನ್ನಿಸುವುದು ಸಹಜ. ಸಿಂಗಲ್ ಇರುವುದು ನನಗೆ ದೊಡ್ಡ ಚಿಂತೆಯಲ್ಲ, ಅದು ಆದಾಗ ಆದೀತು. ವೇಗ ಬಂದ ಮೇಲೆ ಯಾರನ್ನು ಕಿತ್ತುಹಾಕುತ್ತೇವೆ ಎಂಬುದೇ ನಮ್ಮ ವಯಸ್ಸಿನವರು ಯೋಚಿಸಬೇಕಾದ ಮಾತು.

ಭಾನುವಾರ ಸೋಯಾ ರಾಶಿ. ಮಷಿನ್ನಿನ ಧೂಳಿಗೆ ಎಲ್ಲರೂ ಬೂದು ಬಡಿದುಕೊಂಡ ಸಾಧುಗಳಂತೆ ಕಾಣುತ್ತಿದ್ದೆವು. ಹುಮನಾಬಾದಿನಿಂದ ಅಕ್ಕ ವಿಡಿಯೊ ಕಾಲ್ ಮಾಡಿ, ‘ಇದೇ ಫೋಟೊ ಹುಡುಗಿ ಮನಿಯವರಿಗಿ ಕಳಸ್ತೀನಿ’ ಎಂದು ಹೆದರಿಸಿದಳು. ಕಾಯ್ದೆ ನೆನಪಿಸಿದೆ.

ಸಂಜೆ ಊರಿನ ಮೋಟಾರ್ ಮೆಕ್ಯಾನಿಕ್ ಕಾಕಾನನ್ನು ಕರೆದುಕೊಂಡು ಬಾವಿಗೆ ಹೋದೆ. ಟಿಸಿಯಲ್ಲಿ ಹೋಗಿದ್ದ ಫ್ಯೂಜನ್ನು ಶುಕ್ರವಾರವೇ ಲೈನ್‌ಮನ್ ಹಾಕಿ ಹೋಗಿದ್ದರು. ಕಾಕಾ ಪಕ್ಕದಲ್ಲಿ ನಿಂತು ನೋಡುತ್ತಿರಲು, ಬೈಪಾಸ್ ವೈರ್ ತೆಗೆದು, ಸಡಿಲಾಗಿದ್ದ ತಂತಿಗಳನ್ನು ಬಿಗಿದು, ಪ್ರಿವೆಂಟರ್ ಮತ್ತೆ ಜೋಡಿಸಿದೆ. ಒಂದು ಫೇಸ್ ತೆಗೆದು ಪರೀಕ್ಷೆ ಮಾಡಿದೆವು. ಹಸಿರು ಗುಂಡಿ ಒತ್ತಿದರೂ ಮೋಟಾರು ಗುಂಯ್ ಅನ್ನಲಿಲ್ಲ, ಸುಮ್ಮನಿತ್ತು. ಇಷ್ಟು ಖುಷಿ ಕೊಟ್ಟ ಮೌನ ನಾನು ಕೇಳಿರಲಿಲ್ಲ.

ಅಪ್ಪ ಸ್ವಲ್ಪ ಹೊತ್ತು ಡಬ್ಬಿಯನ್ನೇ ನೋಡಿದ. ‘ಫ್ಯಾನಿನಂಗ ಉಲ್ಟಾ ತಿರುಗಂಗಿಲ್ಲಲ್ಲ?’ ಅಂದ. ಕಾಕಾ ಬಿದ್ದು ಬಿದ್ದು ನಕ್ಕರು. ಆಮೇಲೆ ಅಪ್ಪ ಬಾಗಿಲು ಮುಚ್ಚುತ್ತಾ ಹೇಳಿದ: ‘ಮತ್ತ ಟ್ರಿಪ್ ಆದ್ರ ನಿನಗೇ ಫೋನ್ ಹಚ್ತೀನಿ ನೋಡು. ಪುಣಾದಾಗ ಇರು, ಹೈದರಾಬಾದ್‌ದಾಗ ಇರು, ನಡುರಾತ್ರಿ ಇರಲಿ.’

ಹಚ್ಚಲಿ. ಎತ್ತುತ್ತೇನೆ.