ಕಡಲು ನಮ್ಮದು, ಹಲಗೆ ನಮ್ಮದು, ವಿಳಾಸದ ಪುಸ್ತಕ ಯಾರದು?



ಸರ್ಫ್ ಅಂದರೆ ನನ್ನ ವಯಸ್ಸಿನವರಿಗೆ ಬಟ್ಟೆ ಒಗೆಯುವ ಪುಡಿ. ಹೋದ ಮಳೆಗಾಲದಲ್ಲಿ ಒಬ್ಬ ಹುಡುಗ ನಮ್ಮ ಪ್ರೆಸ್ಸಿಗೆ ಬಂದು "ಸರ್ಫ್ ಸ್ಕೂಲಿಗೆ ಐದು ಸಾವಿರ ಕರಪತ್ರ ಆಗ್ಬೇಕಿತ್ತು" ಅಂದಾಗ, ಸೋಪಿನ ಪುಡಿಗೂ ಶಾಲೆ ಇಟ್ಟಿದ್ದಾರಾ ಅಂತ ಕೇಳಿ ನಗೆಪಾಟಲಾದೆ. ನಮ್ಮ ಬೈಂಡರನ ಅಕ್ಕನ ಮಗ ಅವನು. ದಕ್ಷಿಣ ಕನ್ನಡದ ಒಂದು ಅಳಿವೆ ಬಾಗಿಲಿನ ಊರು. ಅಪ್ಪ ದೋಣಿಯಲ್ಲಿ ಮೀನಿಗೆ ಹೋಗುವವರು. ಇವನು ಎಂಟು ಹಲಗೆ, ಒಂದು ತಗಡಿನ ಶೆಡ್ಡು ಇಟ್ಟುಕೊಂಡು, ಶುಕ್ರವಾರ ರಾತ್ರಿ ಬಸ್ಸು ಹತ್ತಿ ಬೆಂಗಳೂರಿನಿಂದ ಬರುವ ನಿಮ್ಮಂಥವರಿಗೆ ಅಲೆಯ ಮೇಲೆ ಎದ್ದು ನಿಲ್ಲುವುದನ್ನು ಕಲಿಸುತ್ತಾನೆ.

ಕರಪತ್ರ ಎಲ್ಲಿ ಹಂಚುತ್ತೀಯಪ್ಪಾ ಅಂದೆ. ಮೆಜೆಸ್ಟಿಕ್‌ನಲ್ಲಿ, ಐಟಿ ಕಂಪನಿಗಳ ಗೇಟಿನಲ್ಲಿ ಅಂದ. ಮುಖ ಬಾಡಿತ್ತು. ಕೇಳಿದ ಮೇಲೆ ಕತೆ ಹೊರಗೆ ಬಂತು. ನಾಲ್ಕು ವರ್ಷ ಕೂತು ಫೋನಿನಲ್ಲಿ ಒಂದು ಪುಟ ಕಟ್ಟಿದ್ದ. ಹತ್ತೊಂಬತ್ತು ಸಾವಿರ ಜನ ಅದನ್ನು ಹಿಂಬಾಲಿಸುತ್ತಿದ್ದರು. ಒಂದು ಬೆಳಿಗ್ಗೆ ನೋಡಿದರೆ ಪುಟವೇ ಇಲ್ಲ! ಯಾವ ನಿಯಮ ಮುರಿದ, ಯಾರು ದೂರು ಕೊಟ್ಟರು, ಏನೂ ಗೊತ್ತಿಲ್ಲ. ಬರೆದ ಮನವಿಗೆಲ್ಲ ಯಂತ್ರವೇ ಉತ್ತರ ಕೊಟ್ಟಿತು, ಅದೂ ಇಂಗ್ಲಿಷಿನಲ್ಲಿ. "ಅಕೌಂಟೇ ಹೋಯ್ತು ಮಾರಾಯ್ರೆ, ಅಕ್ಟೋಬರಿಗೆ ಒಂದು ಬುಕ್ಕಿಂಗೂ ಇಲ್ಲ" ಅಂದ. ಉಳಿದ ಗಿರಾಕಿಗಳು ಒಂದು ಬುಕ್ಕಿಂಗ್ ಕಂಪನಿಯ ಮೂಲಕ ಬರುವವರು. ಅವರ ನಂಬರನ್ನು ಕಂಪನಿಯವರು ಇವನಿಗೆ ತೋರಿಸುವುದಿಲ್ಲ, ಕಮಿಷನ್ ಮಾತ್ರ ತಪ್ಪದೆ ಮುರಿದುಕೊಳ್ಳುತ್ತಾರೆ. ಮಳೆ ನಿಲ್ಲುವಷ್ಟರಲ್ಲಿ ಜನ ಸಿಗದಿದ್ದರೆ ಹಲಗೆ ಮಾರಿ ಗಲ್ಫಿಗೆ ಹೋಗುವುದು ಅಂತ ಮನೆಯಲ್ಲಿ ತೀರ್ಮಾನವೂ ಆಗಿತ್ತು.

ಹತ್ತೊಂಬತ್ತು ಸಾವಿರ ಜನ. ಅವರಲ್ಲಿ ಒಬ್ಬರ ವಿಳಾಸವೂ ಇವನ ಕೈಯಲ್ಲಿಲ್ಲ! ಅಲ್ಲಾ ಸ್ವಾಮಿ, ಇದಕ್ಕೆ ಆಸ್ತಿ ಅನ್ನುತ್ತಾರೆಯೇ?

ಇದನ್ನು ಒಬ್ಬ ಹುಡುಗನ ಗೋಳು ಅಂತ ತಳ್ಳಿಹಾಕಬೇಡಿ. ಮೂಲ್ಕಿ, ಸಸಿಹಿತ್ಲು, ಕೋಡಿ ಬೆಂಗ್ರೆಯ ಕಡಲಲ್ಲಿ ಅಲೆ ಸವಾರಿ ಈಗ ಒಂದು ಕಸುಬು. ಸರ್ಫಿಂಗ್ ಫೆಡರೇಷನ್ ಆಫ್ ಇಂಡಿಯಾ ೨೦೧೧ರಲ್ಲಿ ಹುಟ್ಟಿತು. ಇಂಡಿಯನ್ ಓಪನ್ ಪಂದ್ಯಗಳು ಸಸಿಹಿತ್ಲು, ಪಣಂಬೂರಿನಲ್ಲಿ ನಡೆದಿವೆ. ೨೦೨೧ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಈ ಆಟಕ್ಕೆ ಮೊದಲ ಬಾರಿ ಜಾಗ ಸಿಕ್ಕಿತು. ೨೦೨೫ರ ಆಗಸ್ಟಿನಲ್ಲಿ ಮಹಾಬಲಿಪುರದಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ನಮ್ಮ ಕರ್ನಾಟಕದ ರಮೇಶ್ ಬುಡಿಹಾಳ್ ಕಂಚು ಗೆದ್ದ. ಗೆದ್ದಾಗ ಸ್ಟೇಟಸ್ ಹಾಕಿದವರು ಬಹಳ ಮಂದಿ. ಆ ಕಡಲ ದಂಡೆಯಲ್ಲಿ ಶೆಡ್ಡು ಹಾಕಿಕೊಂಡ ಹುಡುಗ ಮುಂದಿನ ತಿಂಗಳ ಬಾಡಿಗೆ ಹೇಗೆ ಕಟ್ಟುತ್ತಾನೆ ಅಂತ ಕೇಳಿದವರು ಎಷ್ಟು ಮಂದಿ?

ನಾನು ಆ ಐದು ಸಾವಿರ ಕರಪತ್ರ ಹೊಡೆಯಲಿಲ್ಲ. ಪ್ರೆಸ್ ಇಟ್ಟವನು ಬಂದ ಆರ್ಡರನ್ನು ಬೇಡ ಅನ್ನುವುದು ಮನೆಗೆ ಬಂದ ಲಕ್ಷ್ಮಿಯನ್ನು ಒದ್ದ ಹಾಗೆ, ಗೊತ್ತು. ಆದರೆ ಗೇಟಿನಲ್ಲಿ ಹಂಚಿದ ಕಾಗದ ಮುಂದಿನ ಕಸದ ಬುಟ್ಟಿಗೆ ಹೋಗುವುದನ್ನು ಇಪ್ಪತ್ತು ವರ್ಷ ನೋಡಿದ್ದೇನೆ. ಸಣ್ಣ ಪತ್ರಿಕೆಗಳು ಯಾವುದರ ಮೇಲೆ ಬದುಕುತ್ತವೆ ಅನ್ನುವುದನ್ನೂ ನೋಡಿದ್ದೇನೆ. ಸ್ಟಾಲಿನ ಮಾರಾಟದ ಮೇಲಲ್ಲ, ಚಂದಾದಾರರ ಪುಸ್ತಕದ ಮೇಲೆ. ಉದ್ದನೆಯ ಲೆಡ್ಜರು, ಹೆಸರು, ವಿಳಾಸ, ಪಿನ್ ಕೋಡ್, ಚಂದಾ ಮುಗಿಯುವ ತಿಂಗಳು. ಏಜೆಂಟ್ ಕೈಕೊಟ್ಟರೂ ಆ ಪುಸ್ತಕ ಇದ್ದರೆ ಪತ್ರಿಕೆ ಉಳಿಯುತ್ತಿತ್ತು. ಅದಕ್ಕೇ ಸಂಪಾದಕರು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಈ-ಮೇಲ್ ಪಟ್ಟಿ ಅನ್ನುವುದು ಅದೇ ಲೆಡ್ಜರು, ಅಂಚೆಚೀಟಿ ಖರ್ಚಿಲ್ಲ ಅಷ್ಟೆ.

"ನಿನ್ನ ಹತ್ತಿರ ಕಲಿತವರ ಹೆಸರು ಎಲ್ಲೂ ಬರೆದಿಟ್ಟಿಲ್ಲವೇ?" ಅಂದೆ. ಇದೆಯಂತೆ! ನೀರಿಗೆ ಇಳಿಯುವ ಮೊದಲು ಎಲ್ಲರೂ ಒಂದು ಫಾರಂ ತುಂಬಿ ಸಹಿ ಹಾಕುತ್ತಾರೆ. ಈಜು ಬರುತ್ತದೋ, ಕಾಯಿಲೆ ಇದೆಯೋ, ಅವಘಡವಾದರೆ ಯಾರಿಗೆ ಫೋನ್ ಮಾಡಬೇಕು, ಕೊನೆಗೆ ಈ-ಮೇಲ್. ನಾಲ್ಕು ವರ್ಷದ ಕಟ್ಟುಗಳು ಶೆಡ್ಡಿನ ಮೂಲೆಯಲ್ಲಿ ಉಪ್ಪುಗಾಳಿಗೆ ಮೆತ್ತಗಾಗಿ ಕೂತಿದ್ದವು. ಚೀಲದಲ್ಲಿ ತುಂಬಿ ತರಿಸಿದೆವು. ಬೈಂಡರು, ಅವನು, ನಮ್ಮ ಡಿಟಿಪಿ ಹುಡುಗಿ ಮೂವರೂ ಮೂರು ಸಂಜೆ ಕೂತು ಬಿಡಿಸಿದರು. ಓದಲು ಬಂದ ಈ-ಮೇಲ್ ಹತ್ತಿರ ಹತ್ತಿರ ಏಳುನೂರು.

ಇನ್ನೇನು, ಏಳುನೂರು ಜನಕ್ಕೂ ಜಾಹೀರಾತು ಕಳಿಸೋಣ ಅಂದ ಹುಡುಗ. ಇಲ್ಲಿ ನಿಲ್ಲಿ ತಮ್ಮಂದಿರೇ, ಎಲ್ಲರೂ ಎಡವುವುದು ಇಲ್ಲೇ. ಆ ಜನ ಈ-ಮೇಲ್ ಕೊಟ್ಟದ್ದು ಅಪಾಯದ ಹೊತ್ತಿಗೆ ಬೇಕಾಗುತ್ತದೆ ಅಂತ, ಆಫರ್ ಓದುವುದಕ್ಕಲ್ಲ. ಕೇಳದೆ ಕಳಿಸುವ ಚಾಳಿ ಹೊಸದೇನಲ್ಲ. ೧೯೭೮ರಲ್ಲೇ ಅಮೆರಿಕದಲ್ಲಿ ಗ್ಯಾರಿ ಥುರ್ಕ್ ಅನ್ನುವಾತ ಸುಮಾರು ನಾನೂರು ಜನಕ್ಕೆ ಒಟ್ಟಿಗೆ ಕಂಪ್ಯೂಟರ್ ಮಾರುವ ಸಂದೇಶ ಕಳಿಸಿ ಬೈಸಿಕೊಂಡಿದ್ದ. ನಾವು ಮಾಡಿದ್ದು ಇಷ್ಟು: ಒಂದೇ ಒಂದು ಪತ್ರ. ನೀವು ಇಂಥ ವರ್ಷ ನಮ್ಮಲ್ಲಿ ಕಲಿತಿರಿ, ಇನ್ನು ಮುಂದೆ ಕಡಲಿನ ಸುದ್ದಿ ಬರೆಯೋಣವೆಂದಿದ್ದೇವೆ, ಬೇಕಾದರೆ "ಬೇಕು" ಅಂತ ಉತ್ತರಿಸಿ, ಉತ್ತರ ಬರದಿದ್ದರೆ ಮತ್ತೆ ತೊಂದರೆ ಕೊಡುವುದಿಲ್ಲ. ಇನ್ನೂರ ಮೂವತ್ತು ಜನ "ಬೇಕು" ಅಂದರು. ಉಳಿದವರ ಹೆಸರನ್ನು ಹುಡುಗನ ಕೈಯಿಂದಲೇ ಅಳಿಸಿದೆ. ಅವನಿಗೆ ಹೊಟ್ಟೆ ಉರಿಯಿತು. ಉರಿಯಲಿ. ಕೇಳದವನ ಮನೆ ಬಾಗಿಲಿಗೆ ಪತ್ರಿಕೆ ಎಸೆದು ಚಂದಾದಾರ ಅಂತ ಲೆಕ್ಕ ಬರೆದವರ ಪತ್ರಿಕೆಗಳು ಏನಾದವು ಅಂತ ನನಗೆ ಗೊತ್ತು.

ಈಗ ಕಾನೂನಿನ ಮಾತು. ಇದನ್ನು ನಮ್ಮ ಪತ್ರಿಕೆಯ ಓದುಗರು ಕತ್ತರಿಸಿ ಇಟ್ಟುಕೊಳ್ಳಬೇಕು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ ೨೦೨೩ರ ಆಗಸ್ಟಿನಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ನಿಯಮಗಳು ೨೦೨೫ರ ನವೆಂಬರಿನಲ್ಲಿ ಹೊರಬಂದವು, ಮುಖ್ಯ ಕಲಮುಗಳಿಗೆ ೧೮ ತಿಂಗಳ ಗಡುವು. ಯಾವ ಕೆಲಸಕ್ಕೆ ಅಂತ ಹೇಳಿ ಮಾಹಿತಿ ಪಡೆದಿರೋ ಅದೇ ಕೆಲಸಕ್ಕೆ ಬಳಸಬೇಕು. ಒಪ್ಪಿಗೆ ಜನರೇ ಮುಂದೆ ಬಂದು ಕೊಟ್ಟದ್ದಾಗಬೇಕು, ಮೊದಲೇ ಟಿಕ್ ಹಾಕಿಟ್ಟ ಚೌಕ ನಡೆಯುವುದಿಲ್ಲ. ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂದಕ್ಕೆ ಪಡೆಯುವುದೂ ಅಷ್ಟೇ ಸುಲಭ ಇರಬೇಕು. ಹದಿನೆಂಟು ತುಂಬದ ಮಕ್ಕಳದ್ದಾದರೆ ತಂದೆತಾಯಿಯ ಒಪ್ಪಿಗೆ ಬೇಕು. ಹಲಗೆ ಹಿಡಿದು ಬರುವವರಲ್ಲಿ ಶಾಲೆಯ ಮಕ್ಕಳೂ ಇರುತ್ತಾರೆ, ಇದು ನೆನಪಿರಲಿ. ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದು: ಒಪ್ಪಿಗೆ ಕೇಳುವ ಬರಹವನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಜನರಿಗೆ ಇರಬೇಕು ಅನ್ನುತ್ತದೆ ಕಾಯ್ದೆ. ಆ ಇಪ್ಪತ್ತೆರಡರಲ್ಲಿ ಕನ್ನಡವೂ ಇದೆ. ನಾವು ಕೇಳದಿದ್ದರೆ ದೊಡ್ಡ ಕಂಪನಿಗಳು ಇದನ್ನು ಮೆಲ್ಲಗೆ ನುಂಗಿಬಿಡುತ್ತವೆ. ಒಂದು ತಗಡಿನ ಶೆಡ್ಡಿನ ಫಾರಂ ಅವರಿಗಿಂತ ಮೊದಲೇ ಕನ್ನಡದಲ್ಲಿ ಬಂದರೆ ಯಾಕೆ ಆಗಬಾರದು?

ಹಾಗಾಗಿ ಹಳೆಯ ಫಾರಂ ಎಸೆದು ಹೊಸದು ಹೊಡೆದೆವು. ಮೇಲೆ ಕನ್ನಡ, ಕೆಳಗೆ ಇಂಗ್ಲಿಷ್. ಸುರಕ್ಷತೆಯ ಪ್ರಶ್ನೆಗಳೆಲ್ಲ ಮುಗಿದ ಮೇಲೆ ಒಂದು ಗೆರೆ ಎಳೆದು, ಕೆಳಗೆ ಖಾಲಿ ಚೌಕ: "ಹದಿನೈದು ದಿನಕ್ಕೊಮ್ಮೆ ಕಡಲಿನ ಸುದ್ದಿ ಈ-ಮೇಲಿನಲ್ಲಿ ಕಳಿಸಬಹುದೇ? ಬೇಡವೆಂದರೂ ನಿಮ್ಮ ಪಾಠಕ್ಕೆ ಏನೂ ಕಡಿಮೆಯಾಗುವುದಿಲ್ಲ." ಅಕ್ಷರ ತಪ್ಪಾಗಿ ಬರೆದರೆ ಪತ್ರ ತಲುಪುವುದಿಲ್ಲವಲ್ಲ, ಅದಕ್ಕೆ ಹುಡುಗನೇ ಒಂದು ದಾರಿ ಕಂಡುಕೊಂಡ. ಮೊದಲ ಸಲ ಹಲಗೆಯ ಮೇಲೆ ಎದ್ದು ನಿಂತವನಿಗೆ ಆ ಫೋಟೋ ಚಿನ್ನಕ್ಕಿಂತ ಹೆಚ್ಚು. ಸಂಜೆ ಅದನ್ನು ಈ-ಮೇಲಿನಲ್ಲೇ ಕಳಿಸುತ್ತಾನೆ. ಫೋಟೋ ಬೇಕಾದವರು ವಿಳಾಸವನ್ನು ಎರಡು ಸಲ ನೋಡಿ ಬರೆಯುತ್ತಾರೆ! ಆದರೆ ಫೋಟೋ ಕೇಳಿದವರೆಲ್ಲ ಪತ್ರ ಕೇಳಿದ ಹಾಗಲ್ಲ, ಚೌಕ ಖಾಲಿ ಇದ್ದರೆ ಫೋಟೋ ಮಾತ್ರ.

ನೀವು ಕೇಳಬಹುದು, ಈಗ ಈ-ಮೇಲ್ ಯಾರು ಓದುತ್ತಾರೆ, ವಾಟ್ಸಾಪ್ ಗ್ರೂಪ್ ಮಾಡಿದರೆ ಸಾಲದೇ ಅಂತ. ಒಂದು ಗ್ರೂಪಿಗೆ ೧೦೨೪ ಜನ ಸೇರಬಹುದು, ನಿಜ. ಅಷ್ಟೂ ಜನಕ್ಕೆ ಅಷ್ಟೂ ಜನರ ನಂಬರ್ ಕಾಣುತ್ತದೆ. ಕಲಿಯಲು ಬಂದ ಹೆಣ್ಣುಮಗಳ ನಂಬರನ್ನು ಗುರುತಿಲ್ಲದವರ ಕೈಗೆ ಕೊಡಲು ಇವನು ಯಾರು? ಮತ್ತೆ ನೀವು ವೈಟ್‌ಫೀಲ್ಡಿನಲ್ಲಿ, ಮಾನ್ಯತಾದಲ್ಲಿ ದಿನಕ್ಕೆ ಎಂಟು ಗಂಟೆ ಈ-ಮೇಲ್ ಮುಂದೆಯೇ ಕೂತಿರುತ್ತೀರಿ, ಸುಳ್ಳು ಹೇಳಬೇಡಿ.

ಪತ್ರದಲ್ಲಿ ಏನು ಬರೆಯಬೇಕು ಅನ್ನುವುದಕ್ಕೆ ಮೊದಮೊದಲು ಜಗಳವೇ ಆಯಿತು. ಅವನು "ಭಾರೀ ರಿಯಾಯಿತಿ" ಅಂತ ಶುರುಮಾಡಿದ. ರಿಯಾಯಿತಿ ಓದುವುದಕ್ಕೆ ಯಾರೂ ಪತ್ರ ತೆರೆಯುವುದಿಲ್ಲ ಮಾರಾಯ, ನಿನಗೆ ಗೊತ್ತಿದ್ದು ನಮಗೆ ಗೊತ್ತಿಲ್ಲದ್ದು ಏನಿದೆ, ಅದನ್ನು ಬರಿ ಅಂದೆ. ಆಗ ಹುಡುಗನ ಬಾಯಿ ಬಿಚ್ಚಿಕೊಂಡಿತು ನೋಡಿ! ಬೆಳಿಗ್ಗೆ ನೆಲದ ಕಡೆಯಿಂದ ಗಾಳಿ ಬೀಸುವಾಗ ಅಲೆ ನೀಟಾಗಿ ಎದ್ದು ಬರುತ್ತದೆ, ಮಧ್ಯಾಹ್ನ ಕಡಲಗಾಳಿ ಎದ್ದ ಮೇಲೆ ನೀರು ಕಲಕಿ ಹೋಗುತ್ತದೆ. ಅಳಿವೆಯಲ್ಲಿ ಮರಳ ದಿಬ್ಬ ಮಳೆಗಾಲ ಕಳೆದ ಮೇಲೆ ಜಾಗ ಬದಲಿಸುತ್ತದೆ, ಹೋದ ವರ್ಷ ಅಲೆ ಒಡೆಯುತ್ತಿದ್ದ ಕಡೆ ಈ ವರ್ಷ ಒಡೆಯುವುದಿಲ್ಲ. ನಮ್ಮ ದಡಕ್ಕೆ ಬರುವ ದೊಡ್ಡ ಅಲೆಗಳು ಹಿಂದೂ ಮಹಾಸಾಗರದ ತೀರಾ ದಕ್ಷಿಣದಲ್ಲಿ ಎದ್ದ ಬಿರುಗಾಳಿಯಿಂದ ಹುಟ್ಟಿ ಸಾವಿರಾರು ಕಿಲೋಮೀಟರ್ ನಡೆದು ಬಂದವು. ಇಲ್ಲಿ ಬಿಸಿಲು ಹೊಡೆಯುತ್ತಿರುವಾಗಲೇ ಕಡಲು ಉಕ್ಕುವುದು ಅದಕ್ಕೇ, ಮಲಯಾಳಿಗಳು ಅದಕ್ಕೆ ಕಳ್ಳಕ್ಕಡಲ್ ಅನ್ನುತ್ತಾರೆ. ಹೈದರಾಬಾದಿನ ಇನ್ಕಾಯ್ಸ್ ಸಂಸ್ಥೆ ಕೊಡುವ ಅಲೆಯ ಎತ್ತರ, ಗಾಳಿಯ ಮುನ್ಸೂಚನೆಯನ್ನು ಇವನು ದಿನಾ ನೋಡುತ್ತಾನೆ. ಅಪ್ಪ ಅದನ್ನು ನೋಡದೆ ಮೋಡ ನೋಡಿಯೇ ಹೇಳುತ್ತಾರೆ. ಇಬ್ಬರ ಮಾತನ್ನೂ ಪಕ್ಕಪಕ್ಕ ಹಾಕು ಅಂದೆ. ಈಗ ಪತ್ರದಲ್ಲಿ "ಅಪ್ಪ ಏನಂದರು" ಅನ್ನುವುದೇ ಎಲ್ಲರೂ ಮೊದಲು ಓದುವ ಸಾಲು.

ಮಂಗಳವಾರ ಕಳಿಸುತ್ತಾನೆ. ಶುಕ್ರವಾರ ಕಳಿಸಿದರೆ ಬಸ್ಸಿನಲ್ಲಿ ಸೀಟು ಎಲ್ಲಿಂದ ತರುತ್ತೀರಿ? ಈ ವಾರ ಅಲೆ ಚೆನ್ನಾಗಿಲ್ಲ ಅಂದರೆ ಚೆನ್ನಾಗಿಲ್ಲ, ಬರಬೇಡಿ ಅಂತಲೇ ಬರೆಯುತ್ತಾನೆ. ಹಾಗೆ ಬರೆದ ವಾರದ ಪತ್ರವನ್ನೇ ಜನ ಗೆಳೆಯರಿಗೆ ಕಳಿಸಿದರು, ಅದರಿಂದಲೇ ಪಟ್ಟಿಗೆ ಹೊಸಬರು ಹೆಚ್ಚು ಸೇರಿದರು. ನನಗೂ ಇದು ಆಶ್ಚರ್ಯವೇ.

ಒಂದೆರಡು ಯಂತ್ರದ ಮಾತು, ಬೇಗ ಮುಗಿಸುತ್ತೇನೆ. ನುಡಿ, ಶ್ರೀಲಿಪಿಯ ಹಳೆ ಫಾಂಟಿನಲ್ಲಿ ಟೈಪ್ ಮಾಡಿ ಮೇಲಿಗೆ ಅಂಟಿಸಬೇಡಿ. ಪ್ರೆಸ್ಸಿನಲ್ಲಿ ಚಂದ ಕಾಣುವುದು ಅವರ ಫೋನಿನಲ್ಲಿ ಇಂಗ್ಲಿಷ್ ಕಸವಾಗಿ ಬೀಳುತ್ತದೆ. ಯೂನಿಕೋಡ್ ಬಳಸಿ. ಇಡೀ ಪತ್ರವನ್ನು ಒಂದು ಚಿತ್ರ ಮಾಡಿ ಕಳಿಸಲೂ ಬೇಡಿ. ಸ್ವಂತ ಹೆಸರಿನ ಡೊಮೇನ್ ತೆಗೆದುಕೊಳ್ಳಿ, ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸು. ೨೦೨೪ರ ಫೆಬ್ರವರಿಯಿಂದ ಜಿಮೇಲ್ ಬಿಗಿ ಮಾಡಿದೆ: ಪತ್ರ ನಿಮ್ಮದೇ ಎಂದು ರುಜುವಾತು ಮಾಡುವ ಎಸ್‌ಪಿಎಫ್, ಡಿಕೆಐಎಂ ಸೆಟ್ಟಿಂಗ್ ಇಲ್ಲದಿದ್ದರೆ ಒಳಗೆ ಬಿಡುವುದು ಕಷ್ಟ. ದಿನಕ್ಕೆ ಐದು ಸಾವಿರ ದಾಟಿ ಕಳಿಸುವವರಿಗಂತೂ ಒಂದೇ ಒತ್ತಿಗೆ ಪಟ್ಟಿಯಿಂದ ಹೊರಹೋಗುವ ಬಟನ್ ಕಡ್ಡಾಯ, ಕಸ ಅಂತ ದೂರುವವರು ಸಾವಿರಕ್ಕೆ ಮೂವರನ್ನು ಮುಟ್ಟಕೂಡದು. ಇನ್ನೂರು ಕಳಿಸುವವನೂ ಆ ಬಟನ್ ಇಡಲಿ. ಬುಕ್ ಪೋಸ್ಟ್ "ವಿಳಾಸದಾರರಿಲ್ಲ" ಅಂತ ವಾಪಸ್ ಬಂದರೆ ಲೆಡ್ಜರಿನಲ್ಲಿ ಗೀಟು ಹಾಕುತ್ತಿದ್ದರಲ್ಲ, ಹಾಗೆ ಬಾಗಿಲಿಲ್ಲದ ಮೇಲ್‌ಗಳನ್ನು ಆಗಾಗ ತೆಗೆಯುತ್ತಿರಬೇಕು. ಪಟ್ಟಿ ಮಾರುತ್ತೇವೆ ಅಂತ ಫೋನ್ ಮಾಡುವವರು ಬರುತ್ತಾರೆ. ಫೋನ್ ಇಟ್ಟುಬಿಡಿ.

ಅಕ್ಟೋಬರಿನ ಮೊದಲ ಎರಡು ಶನಿವಾರ ಎಂಟೂ ಹಲಗೆ ನೀರಿನಲ್ಲಿದ್ದವು. ಮೂರನೆಯದಕ್ಕೆ ಐದೇ. ಸಾಲ ತೀರಿತು ಅನ್ನಲಾರೆ, ಆದರೆ ಗಲ್ಫಿನ ಮಾತು ಸದ್ಯಕ್ಕೆ ನಿಂತಿದೆ. ಈ ಸಲ ಜೂನ್ ಜುಲೈ ಎರಡು ತಿಂಗಳು ಮೀನುಗಾರಿಕೆಗೂ ರಜೆ, ಹಲಗೆಗೂ ರಜೆ. ಅಪ್ಪ ಮಗ ಇಬ್ಬರೂ ಮನೆಯಲ್ಲೇ. ಆಗಲೂ ತಿಂಗಳಿಗೊಂದು ಪತ್ರ ಬರೆಯುತ್ತೇನೆ, ಅಕ್ಟೋಬರಿನ ಪಾಠಕ್ಕೆ ಅರ್ಧ ಹಣ ಮುಂಗಡ ಕೊಡುವವರಿದ್ದರೆ ಕೇಳುತ್ತೇನೆ ಅಂದಿದ್ದಾನೆ.

ಕರಾವಳಿಯಲ್ಲಿ ಇಂಥದ್ದೇ ಶೆಡ್ಡು ನಡೆಸುವವರು, ದೋಣಿ ವಿಹಾರ, ಹೋಂಸ್ಟೇ ಇಟ್ಟವರು ನಿಮ್ಮ ನೆಂಟರಲ್ಲಿ ಇದ್ದರೆ ಆ ಫಾರಂನ ನಕಲು ಕೇಳಿ, ಕೊಡುತ್ತೇನೆ. ಹೊಡೆಸುವುದಾದರೆ ಕಾಗದದ ಖರ್ಚು ಕೊಟ್ಟರೆ ಸಾಕು. ಪ್ರೂಫ್ ಮಾತ್ರ ನೀವೇ ನೋಡಬೇಕು, ನನ್ನ ಕನ್ನಡಕದ ನಂಬರ್ ಬದಲಾಗಿದೆ.