ಜಾರುವುದಾದರೆ ಬೆರ್ಗ್ಯೂನಿನಲ್ಲಿ!



ಅಡಿಕೆ ಹಾಳೆ ಮೇಲೆ ಕೂತು ಗುಡ್ಡದಿಂದ ಜಾರದವರು ನಮ್ಮ ಶಾಲೆಯಲ್ಲಿ ಯಾರಿದ್ದಾರೆ? ಸ್ವಿಟ್ಜರ್ಲೆಂಡಿನ ಮಕ್ಕಳಿಗೂ ಇದೇ ಹುಚ್ಚು. ಅಲ್ಲಿ ಹಾಳೆ ಬದಲು ಮರದ ಜಾರುಬಂಡಿ, ಮಣ್ಣಿನ ಬದಲು ಹಿಮ, ಅಷ್ಟೇ. ಆಲ್ಪ್ಸ್ ಪರ್ವತದ ಪಾಠ ಆದ ಮೇಲೆ ನಮ್ಮ ತರಗತಿಯಲ್ಲಿ ಒಂದು ಜಗಳ ಎದ್ದಿತು. ಜಾರೋದಕ್ಕೆ ಅಲ್ಲಿ ಯಾವ ಊರು ಒಳ್ಳೇದು? ನನ್ನ ಅಭಿಪ್ರಾಯವನ್ನು ಇಲ್ಲಿ ಬರೆದಿದ್ದೇನೆ.

ಹುಡುಗರೆಲ್ಲ ಗ್ರಿಂಡೆಲ್‌ವಾಲ್ಡ್ ಅಂತಾರೆ. ಅಲ್ಲಿ 2681 ಮೀಟರ್ ಎತ್ತರದ ಫೌಲ್‌ಹಾರ್ನ್ ಬೆಟ್ಟದಿಂದ ಊರಿನವರೆಗೆ ಸುಮಾರು 15 ಕಿ.ಮೀ. ಜಾರಬಹುದು. ನಿಜ. ಆದರೆ ರೋಪ್‌ವೇಯಿಂದ ಇಳಿದ ಮೇಲೆ ಎರಡು ಗಂಟೆಗೂ ಹೆಚ್ಚು ಹೊತ್ತು ಬಂಡಿ ಎಳೆದುಕೊಂಡು ಹತ್ತಬೇಕು. ಚಿಕ್ಕ ಮಕ್ಕಳ ಕೈಲಿ ಆಗುತ್ತಾ? ಇನ್ನು ಕೆಲವರು ದಾವೋಸ್ ಅಂತಾರೆ. 1883ರಲ್ಲಿ ದಾವೋಸಿನಿಂದ ಕ್ಲೋಸ್ಟರ್ಸಿಗೆ ಹಲವು ದೇಶದವರು ಸೇರಿ ಜಾರುಬಂಡಿ ಪಂದ್ಯ ನಡೆಸಿದ್ದರು. ಅದು ದೊಡ್ಡ ಹೆಸರೇ. ಆದರೆ ಬರೀ ಹೆಸರು ನೋಡಿ ಊರು ಆರಿಸಬಾರದು.

ನನ್ನ ಮತ ಬೆರ್ಗ್ಯೂನಿಗೆ. ಅದು ಬೆಟ್ಟದ ನಡುವಿನ ಸಣ್ಣ ಊರು. ಅದರ ಮೇಲೆ ಪ್ರೇಡಾ ಎಂಬ ಸ್ಟೇಷನ್. ಇವೆರಡರ ನಡುವೆ ಆಲ್ಬುಲಾ ಕಣಿವೆಯ ರಸ್ತೆ ಇದೆ. ಬೇಸಿಗೆಯಲ್ಲಿ ಅದರ ಮೇಲೆ ಕಾರು ಓಡುತ್ತವೆ. ಚಳಿಗಾಲದಲ್ಲಿ ಅದನ್ನು ವಾಹನಗಳಿಗೆ ಮುಚ್ಚಿ, ಜಾರುವವರಿಗೆ ಬಿಟ್ಟುಬಿಡ್ತಾರೆ! ಸುಮಾರು 6 ಕಿ.ಮೀ. ಉದ್ದ, 400 ಮೀಟರಿಗಿಂತ ಸ್ವಲ್ಪ ಹೆಚ್ಚು ಇಳಿಜಾರು. ಸಂಜೆ ಹೊತ್ತು ದೀಪವನ್ನೂ ಹಾಕ್ತಾರೆ.

‘ರಸ್ತೆ ಮುಚ್ಚಿದರೆ ಜನ ಓಡಾಡೋದು ಹೇಗೆ?’ ಅಂತ ನೀವು ಕೇಳಬಹುದು. ಅದಕ್ಕೆ ರೈಲಿದೆ. 1903ರಿಂದ ಓಡುತ್ತಿರುವ ಆ ರೈಲು ಸುರಂಗದೊಳಗೆ ಸುತ್ತು ಹೊಡೆಯುತ್ತಾ ಮೇಲೆ ಹತ್ತುತ್ತದೆ. ಬಂಡಿ ಸಮೇತ ಅದರಲ್ಲಿ ಹತ್ತಿ ಪ್ರೇಡಾಕ್ಕೆ ಹೋಗೋದು, ಜಾರಿ ಬರೋದು, ಮತ್ತೆ ರೈಲು ಹತ್ತೋದು. ಅಜ್ಜಿಯೂ ಹೋಗಬಹುದು, ಪುಟ್ಟ ತಮ್ಮನೂ ಹೋಗಬಹುದು.

ಹಾಗಂತ ಹುಷಾರಿಲ್ಲದೆ ಇರಬಾರದು. ಹೆಲ್ಮೆಟ್ ಬೇಕು, ಗಟ್ಟಿ ಬೂಟು ಬೇಕು. ಅಲ್ಲಿ ಬ್ರೇಕ್ ಎಂದರೆ ನಮ್ಮ ಕಾಲೇ. ಎಡಕ್ಕೆ ತಿರುಗಬೇಕಾದರೆ ಎಡಗಾಲು ಊರಬೇಕು, ಬಲಕ್ಕಾದರೆ ಬಲಗಾಲು. ತಲೆ ಮುಂದೆ ಮಾಡಿ ಮಲಗಿ ಜಾರಬಾರದು. ಬಿದ್ದರೆ ತಕ್ಷಣ ಬದಿಗೆ ಸರಿಯಬೇಕು, ಹಿಂದಿನಿಂದ ಬರುವವರು ಇರ್ತಾರಲ್ಲ!

ಕಳೆದ ವರ್ಷ ನಮ್ಮ ಗುಡ್ಡದ ಮಣ್ಣುರಸ್ತೆಯಲ್ಲಿ ಹಾಳೆ ಮೇಲೆ ಜಾರುವಾಗ ತಿರುವಿನಲ್ಲಿ ಒಂದು ಬೈಕು ಬಂತು. ತಪ್ಪಿಸಿಕೊಳ್ಳಲು ಹೋಗಿ ನನ್ನ ತಮ್ಮನ ಮೊಣಕೈ ಮುರಿಯಿತು. ಎಲ್ಲರೂ ಅವನಿಗೇ ಬೈದರು, ‘ರಸ್ತೆ ಆಡೋ ಜಾಗವಾ?’ ಅಂತ. ಬೆರ್ಗ್ಯೂನಿನ ಬಗ್ಗೆ ಓದಿದ ಮೇಲೆ ನನಗನ್ನಿಸುತ್ತೆ, ದೊಡ್ಡವರು ಮನಸ್ಸು ಮಾಡಿದರೆ ರಸ್ತೆಯೂ ಆಡೋ ಜಾಗ ಆಗುತ್ತೆ. ನಮಗೆ ಇಡೀ ಚಳಿಗಾಲ ಬೇಡ. ಭಾನುವಾರ ಸಂಜೆ ಒಂದು ಗಂಟೆ, ಎರಡೂ ಕಡೆ ಬಿದಿರು ಅಡ್ಡ ಕಟ್ಟಿ ಆ ರಸ್ತೆಯನ್ನು ನಮಗೆ ಬಿಟ್ಟರೆ ಸಾಕು. ಗುರುಗಳು ಊರಿನ ಹಿರಿಯರ ಹತ್ತಿರ ಮಾತಾಡ್ತೀರಾ?

ನೀವೇನಂತೀರಿ? ಮುಂದಿನ ಸಂಚಿಕೆಗೆ ಬರೆಯಿರಿ.

— 9ನೇ ತರಗತಿಯ ಒಬ್ಬ ವಿದ್ಯಾರ್ಥಿನಿ